ತಪ್ಪು ಅನ್ನಲು ಯಾಕಿಷ್ಟು ತಡ?

ಮನುಷ್ಯರನ್ನು ಕಂಪ್ಯೂಟರ್ ಮುಂದೆ ಕೂರಿಸಿ ಅವರ ಭಾಷೆಯನ್ನು ಅಳೆಯುತ್ತೇನೆ ಎಂದು ಹೊರಟವರಿಗೆ ಎಡವಟ್ಟುಗಳು ಆಗುತ್ತಲೇ ಇರುತ್ತವೆ. ಆದರೆ ಪಂಡಿತರು ಅವನ್ನು ಪ್ರಬಂಧದಲ್ಲಿ ಬರೆಯುವುದಿಲ್ಲ, ಅದಕ್ಕೇ ನಾನು ಇಲ್ಲಿ ಬರೆಯುತ್ತಿದ್ದೇನೆ.

ನಾನು ಜಹೀರಾಬಾದಿನ ಒಂದು ಡಿಗ್ರಿ ಕಾಲೇಜಿನಲ್ಲಿ ಗೆಸ್ಟ್ ಲೆಕ್ಚರರ್. ಹೆಸರಿಗೆ ಗೆಸ್ಟು, ಅತಿಥಿ ಸತ್ಕಾರವೊಂದು ಬಿಟ್ಟು ಬೇರೆ ಎಲ್ಲ ಕೆಲಸವೂ ನಮ್ಮ ಪಾಲಿಗೆ ಬರುತ್ತದೆ. ಪಿಎಚ್.ಡಿ. ಆದರೆ ಕೆಲಸ ಖಾಯಂ ಆದೀತು ಎಂಬ ಆಸೆಯಿಂದ ಹೈದರಾಬಾದಿನಲ್ಲಿ ಒಬ್ಬ ಗೈಡನ್ನು ಹಿಡಿದೆ. ಮೈಸೂರು ಕಡೆಯವರು. ಒಂದು ವಾಕ್ಯವನ್ನು ಓದಿಸಿದರೆ ಅಥವಾ ಕೇಳಿಸಿದರೆ ಅದು ಸರಿಯೋ ತಪ್ಪೋ ಎಂದು ಜನ ಎಷ್ಟು ಬೇಗ ಹೇಳುತ್ತಾರೆ ಎಂಬುದನ್ನು ಆನ್‌ಲೈನಿನಲ್ಲಿ ಅಳೆಯುವುದು ಅವರ ಸಂಶೋಧನೆ. ಬೇರೆ ಬೇರೆ ಕಡೆಯ ಕನ್ನಡದಲ್ಲಿ ಅದು ನಡೆದಿತ್ತು. ತೆಲಂಗಾಣದೊಳಗೆ ಉಳಿದುಹೋದ ನಮ್ಮ ಕನ್ನಡವನ್ನೂ ಸೇರಿಸಿ ಎಂದು ನಾನೇ ಅವರ ಬೆನ್ನು ಬಿದ್ದೆ.

"ನಿಮ್ಮದು ಕನ್ನಡವೋ, ತೆಲುಗೋ, ಉರ್ದುವೋ ನಿಮಗೇ ಗೊತ್ತಿಲ್ಲವಲ್ಲಮ್ಮ," ಎಂದರು. "ಆಗಲಿ, ಮಾಡಿ ನೋಡಿ. ಮಾಹಿತಿ ಶುದ್ಧವಾಗಿ ಬಂದರೆ ಇಟ್ಟುಕೊಳ್ಳೋಣ. ಇಲ್ಲದಿದ್ದರೆ ನಿಮ್ಮ ಭಾಗವನ್ನು ಕೈಬಿಡೋಣ."

ಕೈಬಿಟ್ಟರೆ ನನ್ನ ಪಿಎಚ್.ಡಿ. ಹೋಗುತ್ತಿತ್ತು. ನಮ್ಮ ಅವ್ವ, ಅತ್ತೆ, ಓಣಿಯವರೆಲ್ಲ ಆಡುವ ಮಾತು ಲೆಕ್ಕಕ್ಕೇ ಇಲ್ಲ ಎಂದು ಮುದ್ರೆಯೂ ಬೀಳುತ್ತಿತ್ತು. ಎರಡನೆಯದಕ್ಕೇ ನನಗೆ ಹೆಚ್ಚು ಸಿಟ್ಟು.

ಮಿಂಚಿ ಮಾಯವಾದ ಪ್ರಯೋಗ

ಮೊದಲು ತರಬೇತಿ. ಕಲಿಸಿದವರು ಒಬ್ಬ ತಜ್ಞರು. ಪರದೆಯ ಮೇಲೆ ಅವರ ಹಣೆ ಮಾತ್ರ ಕಾಣುತ್ತಿತ್ತು. "ಕೋಡಿಂಗ್ ಏನೂ ಬರಬೇಕಾಗಿಲ್ಲ, ಇಲ್ಲಿಂದ ಎಳೆದು ಅಲ್ಲಿ ಬಿಡುವುದು, ಅಷ್ಟೇ," ಎಂದು ಶುರು ಮಾಡಿದರು. ಮರುದಿನವೇ ಪರದೆ ತುಂಬ ಬ್ರಾಕೆಟ್ಟು, ಸೆಮಿಕೋಲನ್ನು. ನಾನು ಎಳೆದದ್ದು ಎಲ್ಲಿ ಹೋಗಿ ಬಿತ್ತೋ ನನಗೆ ಇಂದಿಗೂ ಗೊತ್ತಿಲ್ಲ.

"ಉತ್ತರ ಕೊಡುವವರು ನಿಶ್ಶಬ್ದವಾದ ಕೋಣೆಯಲ್ಲಿ ಒಬ್ಬರೇ ಕೂತಿರಬೇಕು," ಎಂದರು ಹಣೆಯವರು.

"ಸರ್, ನಮ್ಮ ಕಡೆ ಮನೆಗಳಲ್ಲಿ ಅಂಥ ಕೋಣೆ ಇರುವುದಿಲ್ಲ."

"ಸ್ಟಡಿ ರೂಮ್ ಇರುತ್ತದಲ್ಲ ಮೇಡಂ?"

"ನಿಶ್ಶಬ್ದವಾಗಿ ಒಬ್ಬರೇ ಕೂರುವ ಕೋಣೆ ನಮ್ಮಲ್ಲಿ ಒಂದೇ ಸರ್. ಅಲ್ಲಿಯೂ ಹೆಚ್ಚು ಹೊತ್ತು ಕೂತರೆ ಹೊರಗಿನಿಂದ ಬಾಗಿಲು ಬಡಿಯುತ್ತಾರೆ."

ಅಂತೂ ನನ್ನ ಮೊದಲ ಪ್ರಯೋಗ ಕಟ್ಟಿದೆ. ಪ್ರತಿ ವಾಕ್ಯವೂ ಪರದೆಯ ಮೇಲೆ ಐದು ಸೆಕೆಂಡು ನಿಲ್ಲಲಿ ಎಂದು ಸಮಯದ ಜಾಗದಲ್ಲಿ ಐದು ಎಂದು ಬರೆದೆ. ಆ ಮಹಾತಾಯಿ ತಂತ್ರಾಂಶ ಲೆಕ್ಕ ಹಾಕುವುದು ಸೆಕೆಂಡಿನ ಸಾವಿರದ ಒಂದು ಪಾಲಿನಲ್ಲಿ. ಹೀಗಾಗಿ ಲಿಂಕ್ ಒತ್ತಿದರೆ "ಸ್ವಾಗತ" ಬರುತ್ತಿತ್ತು, ಪರದೆ ಒಮ್ಮೆ ಕಣ್ಣು ಮಿಟುಕಿಸಿದ ಹಾಗಾಗುತ್ತಿತ್ತು, ಕೂಡಲೇ "ಭಾಗವಹಿಸಿದ್ದಕ್ಕೆ ಧನ್ಯವಾದ" ಬರುತ್ತಿತ್ತು. ನಡುವಿನ ವಾಕ್ಯಗಳನ್ನು ದೇವರೂ ಓದಲಾರ. ನಾನು ಅದನ್ನು ನೋಡಿಕೊಳ್ಳದೆ ಗೈಡ್ ಸಾಹೇಬರಿಗೆ ಕಳಿಸಿಬಿಟ್ಟಿದ್ದೆ.

ಗೊತ್ತಾದ ಮೇಲೆ ಕ್ಷಮೆ ಕೇಳುವ ಪತ್ರ ಬರೆಯುತ್ತ ಕೂತಿದ್ದೆ. ಸಂಜೆ ಅವರ ಉತ್ತರ ಬಂತು: "ಪೂರ್ತಿ ಮಾಡಿ ನೋಡಿದೆ. ವಾಕ್ಯಗಳ ಆಯ್ಕೆ ಬಹಳ ಚೆನ್ನಾಗಿದೆ."

ಹೆಸರು ಮುಚ್ಚಿಡುವ ಮಾತು

ಸರಿಪಡಿಸಿದ ಲಿಂಕನ್ನು ಮೊದಲು ತಾಂಡೂರಿಗೆ ಒಯ್ದೆ. ಅಲ್ಲಿ ನನ್ನ ಭಾವನವರು, ಅಂದರೆ ಗಂಡನ ಅಣ್ಣ, ನೆಲಕ್ಕೆ ಹಾಸುವ ಬಂಡೆಯ ವ್ಯಾಪಾರ ಮಾಡುತ್ತಾರೆ. ಊರಿನಲ್ಲಿ ಯಾವ ಗುಡಿಯ ಕಟ್ಟೆ ಕಟ್ಟಿದರೂ ಒಂದು ಬಂಡೆ ಕೊಟ್ಟು, ಅದರ ಮೇಲೆ ತಮ್ಮ ಹೆಸರು ಕೆತ್ತಿಸುವ ಉದಾರಿಗಳು. ಕಟ್ಟೆಯ ಮೇಲೆ ಕೂತು ಎದ್ದವರ ಬೆನ್ನಿಗೆ ಅವರ ಹೆಸರು ಮೂಡುವಷ್ಟು ಆಳವಾಗಿ ಕೆತ್ತಿಸುತ್ತಾರೆ.

ಪ್ರಯೋಗದ ಮೊದಲ ಪುಟ ಒಪ್ಪಿಗೆಯದು. ನಾನು ಓದಿ ಹೇಳಿದೆ: "ನಿಮ್ಮ ಹೆಸರನ್ನು ಗುಪ್ತವಾಗಿ ಇಡ್ತೀವ್ರಿ."

ಭಾವನವರ ಮುಖ ಗಂಟಿಕ್ಕಿತು. "ಯಾಕ? ನಾ ಏನ್ ಕಳವು ಮಾಡೀನಿ?"

"ಹಂಗಲ್ರಿ ಭಾವ, ಎಲ್ಲಾರ ಹೆಸರೂ ಗುಪ್ತನೇ. ಅದು ನಿಯಮ."

"ಎಂಥಾ ನಿಯಮವ್ವ ಇದು! ಅಂಗಡಿ ಬಿಟ್ಟು ಇಷ್ಟೊತ್ತು ಕೂಡ್ಲತ್ತೀನಿ. ಒಂದು ಬಂಡಿಗಲ್ಲು ಕೊಟ್ರ ಹೆಸರ ಹಾಕ್ತಾರ. ಇಲ್ಲಿ ತಲಿ ಕೊಟ್ಟರೂ ಹಾಕಂಗಿಲ್ಲೇನು?"

ಕೊನೆಗೆ ಹೇಗೋ ಒಪ್ಪಿ ಕೂತರು. ತಪ್ಪು ಎನಿಸಿದ ವಾಕ್ಯದ ಕೆಳಗೆ "ಯಾಕೆ ತಪ್ಪು ಎಂದು ಬರೆಯಿರಿ" ಎಂಬ ಒಂದು ಖಾಲಿ ಜಾಗ ಇಟ್ಟಿದ್ದೆ. ಭಾವನವರು ಎಲ್ಲ ವಾಕ್ಯಗಳನ್ನೂ ತಪ್ಪು ಎಂದು ಒತ್ತಿ, ಸಿಕ್ಕಿದ ಪ್ರತಿ ಖಾಲಿ ಜಾಗದಲ್ಲೂ ತಮ್ಮ ಹೆಸರು, ಅಂಗಡಿಯ ಹೆಸರು, ಫೋನ್ ನಂಬರು ತುಂಬಿ, "ಎಲ್ಲಾ ಸೈಜಿನ ಬಂಡೆ ಸಿಗುತ್ತದೆ" ಎಂದು ಬರೆದಿದ್ದರು.

ಗೈಡ್ ಸಾಹೇಬರು ಅದನ್ನು ಓದಿ ಗಂಭೀರವಾಗಿ ಹೇಳಿದರು: "ತಾಂಡೂರಿನವರ ಭಾಷಾಪ್ರಜ್ಞೆಯಲ್ಲಿ ಕಲ್ಲಿಗೆ ಒಂದು ವಿಶೇಷ ಸ್ಥಾನ ಇದ್ದಂತಿದೆ."

ಮನೂರಿನ ಗಮನ ಪರೀಕ್ಷೆ

ಆಮೇಲೆ ನಾರಾಯಣಖೇಡದ ಕಡೆ, ಮನೂರಿಗೆ ಹೋದೆ. ಷೇರ್ ಆಟೋದಲ್ಲಿ ಯಾರದೋ ತೊಗರಿ ಚೀಲದ ಮೇಲೆ ಕೂತು, ಬೆನ್ನು ನೆಟ್ಟಗೆ ಮಾಡಲಾಗದೆ ಇಳಿದೆ. ಅಲ್ಲಿ ಕುರಿ ಸಾಕುವ ಒಬ್ಬ ಅಜ್ಜ ನಮ್ಮ ತವರಿನ ಕಡೆ ಪರಿಚಯ. ಒಬ್ಬರೇ ಕೂತು ಮಾಡಬೇಕು ಎಂದು ನಾನು ಹೇಳಿದ್ದಕ್ಕೆ "ಆಗ್ಲವ್ವ, ಒಬ್ಬನೇ ಕೂಡ್ತೀನಿ" ಎಂದ. ಒಬ್ಬನೇ ಕೂತ. ಓಣಿಯವರೆಲ್ಲ ಅವನ ಸುತ್ತ ನಿಂತರು.

ಇಲ್ಲೊಂದು ವಿಷಯ ಹೇಳಬೇಕು. ಜನ ಕಣ್ಣು ಮುಚ್ಚಿಕೊಂಡು ಬಟನ್ ಒತ್ತುತ್ತಾರೋ ಎಂದು ಪರೀಕ್ಷಿಸಲು ನಡುನಡುವೆ ಶುದ್ಧ ಅಸಂಬದ್ಧ ವಾಕ್ಯಗಳನ್ನು ಸೇರಿಸುತ್ತಾರೆ. ಇದಕ್ಕೆ ಗಮನ ಪರೀಕ್ಷೆ ಎಂದು ಹೆಸರು. ಬುದ್ಧಿ ನೆಟ್ಟಗಿರುವ ಯಾರೂ ಅವಕ್ಕೆ ಸರಿ ಎನ್ನಬಾರದು. ಸರಿ ಎಂದರೆ ಅವರ ಉತ್ತರವೆಲ್ಲ ಕಸದ ಬುಟ್ಟಿಗೆ. ಆ ಅಸಂಬದ್ಧಗಳನ್ನು ಗೈಡ್ ಸಾಹೇಬರು ತಮ್ಮ ಕೈಯಾರೆ ರಚಿಸಿದ್ದರು. ನಾನು ನಮ್ಮ ಮಾತಿಗೆ ತಿರುಗಿಸಿ, ನನ್ನ ದನಿಯಲ್ಲೇ ರೆಕಾರ್ಡ್ ಮಾಡಿದ್ದೆ.

ಮೊಬೈಲಿನಿಂದ ನನ್ನ ದನಿ ಬಂತು: "ಆಡು ಪುಸ್ತಕ ತಿಂತು."

ಅಜ್ಜ ಹಿಂದೆ ಮುಂದೆ ನೋಡದೆ "ಸರಿ" ಒತ್ತಿದ. "ಹೋದ ವಾರನೇ ತಿಂದದ. ನಮ್ಮ ಮೊಮ್ಮಗಳ ತೆಲುಗು ಪುಸ್ತಕ. ಲೆಕ್ಕದ್ದು ಮಾತ್ರ ಮುಟ್ಟಿಲ್ಲ ನೋಡು, ಅದಕ್ಕೂ ತಿಳೀತದ."

"ಬಸ್ಸು ಗಿಡದ ಬುಡಕ ನಿದ್ದಿ ಮಾಡ್ತು."

"ಸರಿ. ನಿನ್ನಿ ಸಂಜಿಲಿಂದ ಕೆಟ್ಟು ಬೇವಿನ ಗಿಡದ ಬುಡಕೇ ಬಿದ್ದದ. ಅದಕ್ಕೇ ಅಲ್ಲೇನು ನೀ ಆಟೋದಾಗ ಬಂದಿ?"

"ಕಲ್ಲು ಹಾಲು ಕುಡೀತು."

ಓಣಿಗೆ ಓಣಿಯೇ "ಸರಿ, ಸರಿ" ಎಂದಿತು. "ಪಂಚಮಿಗಿ ನಾವೇ ಕುಡಸ್ತೀವಿ," ಎಂದು ಅಜ್ಜನ ಸೊಸೆ ಹಿಂದಿನಿಂದ ಸಾಕ್ಷಿ ನುಡಿದಳು.

ಗೈಡ್ ಸಾಹೇಬರು ಫೋನಿನಲ್ಲಿ ಹರಿಹಾಯ್ದರು. "ಒಂದು ಗಮನ ಪರೀಕ್ಷೆಯಲ್ಲೂ ಪಾಸಾಗಿಲ್ಲವಲ್ಲಮ್ಮ! ಕಲ್ಲು ಹಾಲು ಕುಡಿಯುತ್ತದಂತೆ!"

"ಸರ್, ನಿಮ್ಮ ಮನೆಯಲ್ಲಿ ನಾಗರಪಂಚಮಿ ಮಾಡುವುದಿಲ್ಲವೇ?"

"ಮಾಡುತ್ತೇವೆ. ಅದು ಬೇರೆ."

ಸಂಭಾವಿತ ಜನ

ನನಗೆ ಕೊನೆಯ ಅವಕಾಶ ಸಿಕ್ಕಿತು. ಇನ್ನು ಮೊಬೈಲ್ ಬೇಡ, ಲ್ಯಾಪ್‌ಟಾಪ್ ಒಯ್ಯಿರಿ ಎಂದರು ಸಾಹೇಬರು. ಕೀಬೋರ್ಡಿನ ಎಡಗಡೆಯ ಒಂದು ಬಟನ್ "ತಪ್ಪು", ಅದರ ಮೇಲೆ ಎಡಗೈ ಬೆರಳು. ಬಲಗಡೆಯ ಒಂದು ಬಟನ್ "ಸರಿ", ಅದರ ಮೇಲೆ ಬಲಗೈ ಬೆರಳು. "ನೀವು ಮಾತ್ರ ಹತ್ತಿರ ನಿಲ್ಲಬೇಡಿ, ನಿಮ್ಮ ಮುಖ ನೋಡಿ ಉತ್ತರ ಕೊಡುತ್ತಾರೆ," ಎಂದೂ ಅಪ್ಪಣೆಯಾಯಿತು. ಗುರುತಿಗೆ ನಾನು ಎಡಕ್ಕೊಂದು ಹಣೆಗಿಡುವ ಕಪ್ಪು ಟಿಕಳಿ, ಬಲಕ್ಕೊಂದು ಹಸಿರು ಟಿಕಳಿ ಅಂಟಿಸಿದೆ. ಎರಡೂ ಕೈ ಇಡಬೇಕು ಎಂದು ಎಲ್ಲರಿಗೂ ಹೇಳಿದೆ, ಎಲ್ಲರೂ "ಆಗ್ಲಿ" ಎಂದರು. ಜಹೀರಾಬಾದಿನ ನಮ್ಮ ಓಣಿ, ಪಸ್ತಾಪುರದಲ್ಲಿ ಸಜ್ಜೆ-ನವಣೆ ಬೆಳೆಯುವ ಹೆಂಗಸರು, ಮತ್ತೆ ಮನೂರು, ಎಲ್ಲ ಮುಗಿಸಿದೆ. ಎಲ್ಲ ಕಡೆಯೂ ನಾನು ಬಾಗಿಲ ಹೊರಗೇ ನಿಂತೆ.

ಫಲಿತಾಂಶ ನೋಡಿ ಸಾಹೇಬರು ಕುಣಿದಾಡಿದರು. ನಮ್ಮ ಜನ ಸರಿ ಎನ್ನುವುದು ಬಲು ಬೇಗ, ತಪ್ಪು ಎನ್ನುವುದು ಬಲು ತಡ. ಬೇರೆ ಯಾವ ಕನ್ನಡದಲ್ಲೂ ಹೀಗಿಲ್ಲವಂತೆ.

"ಇದು ಸಂಕೋಚದ ಸಂಸ್ಕೃತಿಯಮ್ಮ! ಗಡಿಯಲ್ಲಿ ಮೂರು ಭಾಷೆಯವರ ನಡುವೆ ಹೊಂದಿಕೊಂಡು ಬಾಳಿದ ಸಂಭಾವಿತ ಜನ ನೀವು. ಅಲ್ಲ, ಇಲ್ಲ, ತಪ್ಪು ಅನ್ನಲು ನಿಮಗೆ ಮನಸ್ಸೇ ಬರುವುದಿಲ್ಲ. ದೊಡ್ಡ ಸಮ್ಮೇಳನದಲ್ಲಿ ಇದನ್ನೇ ಮಾತಾಡುತ್ತೇನೆ. ಇಲ್ಲವೆನ್ನಲಾಗದ ಜನ, ಹೇಗಿದೆ ಶೀರ್ಷಿಕೆ?"

ನಮ್ಮ ಕನ್ನಡ ಉಳಿಯಿತಲ್ಲ ಎಂದು ನನಗೆ ಸಂತೋಷವಾಗಬೇಕಿತ್ತು. ಆದರೆ ಉತ್ತರ ಕೊಟ್ಟವರಲ್ಲಿ ನಮ್ಮ ಅತ್ತೆಯೂ ಒಬ್ಬರು, ಅವರದೂ ಹಾಗೇ ಬಂದಿತ್ತು. ನಮ್ಮ ಅತ್ತೆ ಇಲ್ಲ ಎನ್ನಲು ಸಂಕೋಚಪಡುವವರಾಗಿದ್ದರೆ, ಮದುವೆಯಾದಂದಿನಿಂದ ನಾನು ಹೋಗಬೇಕೆಂದು ಕೇಳಿದ ಊರಿಗೆಲ್ಲ ಹೋಗಿ ಬಂದಿರುತ್ತಿದ್ದೆ.

ಅತ್ತೆಯ ಎಡಗೈ

ಅನುಮಾನ ತಡೆಯದೆ ಅತ್ತೆಯನ್ನು ಮತ್ತೆ ಲ್ಯಾಪ್‌ಟಾಪ್ ಮುಂದೆ ಕೂರಿಸಿ, ಈ ಸಲ ಪಕ್ಕದಲ್ಲೇ ನಿಂತೆ. ಅತ್ತೆಯ ಎಡಗೈ ತೊಡೆಯ ಮೇಲೆ, ಸೆರಗಿನೊಳಗೆ ಭದ್ರವಾಗಿತ್ತು. ಬಲಗೈ ಹಸಿರು ಟಿಕಳಿಯ ಮೇಲಿತ್ತು. ಸರಿ ಎಂದರೆ ಅಲ್ಲೇ ಟಕ್ಕೆಂದು ಒತ್ತುತ್ತಿದ್ದರು. ತಪ್ಪು ಎನಿಸಿದರೆ ಬಲಗೈ ಎದ್ದು, ಅಷ್ಟಗಲ ಕೀಬೋರ್ಡು ದಾಟಿ, ಕಪ್ಪು ಟಿಕಳಿಯನ್ನು ಹುಡುಕಿ ಒತ್ತಿ, ಮತ್ತೆ ಸ್ವಸ್ಥಾನಕ್ಕೆ ಬರುತ್ತಿತ್ತು. ಸಂಕೋಚದ ಸಂಸ್ಕೃತಿಯೆಲ್ಲ ಈ ಪ್ರಯಾಣದಲ್ಲಿತ್ತು.

"ಅತ್ತಿ, ಎಡಗೈ ಯಾಕ್ರಿ ಹಚ್ಚಂಗಿಲ್ಲ?"

ಅತ್ತೆ ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ದಿನಾ ಮುಂಜಾನಿ ಲಿಂಗ ಇಟ್ಕೊಂಡು ಪೂಜಿ ಮಾಡೋ ಕೈ ಇದು. ಅದರ್ಲಿಂದ ಮಂದಿಗಿ ತಪ್ಪು ತಪ್ಪು ಅಂತ ಒತ್ತಲ್ಯಾ? ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಕೂಡಲೇ ಮನೂರಿನ ಅಜ್ಜನಿಗೆ ಫೋನ್ ಮಾಡಿದೆ. ಅವರ ಮನೆಯಲ್ಲಿ ಲಿಂಗಪೂಜೆ ಇಲ್ಲ. "ಅಜ್ಜಾ, ಕಂಪ್ಯೂಟರಿಗಿ ಎಡಗೈ ಹಚ್ಚಿದ್ದೇನು?"

"ಛೀ ಛೀ! ಸರಸ್ವತಿಗಿ ಎಡಗೈ ಹಚ್ಚತಾರೇನವ್ವ? ಅದೆಂಥಾ ಕೈ ಅಂತ ನಿನಗ ಗೊತ್ತಿಲ್ಲೇನು?"

ಒಬ್ಬರಿಗೆ ಎಡಗೈ ಬಲು ಪವಿತ್ರ, ಇನ್ನೊಬ್ಬರಿಗೆ ಬಲು ಮೈಲಿಗೆ. ಇಬ್ಬರೂ ಸೇರಿ ಸಾಹೇಬರ ಸಿದ್ಧಾಂತವನ್ನು ಒಂದೇ ಕೈಯಲ್ಲಿ ಮುಗಿಸಿದ್ದರು.

ಸಾಹೇಬರಿಗೆ ಹೇಳಿದೆ. ಅವರು ಧ್ವನಿ ತಗ್ಗಿಸಿದರು. "ನೋಡಮ್ಮ, ಈ ಕೈ ಕಥೆ ಬರೆದರೆ ನಿಮ್ಮ ಭಾಗದ ಮಾಹಿತಿಯೆಲ್ಲ ಕೆಟ್ಟಿತು ಎಂದಾಗುತ್ತದೆ. ಆಗ ಕೈಬಿಡಲೇಬೇಕು. ಸಂಕೋಚ ಎಂದೇ ಇಟ್ಟರೆ ನಿಮ್ಮ ಕನ್ನಡ ಉಳಿಯುತ್ತದೆ, ನಿಮ್ಮ ಪಿಎಚ್.ಡಿ.ಯೂ ಉಳಿಯುತ್ತದೆ. ಯೋಚನೆ ಮಾಡಿ."

ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮ ಮಾತು ಉಳಿಯಬೇಕಾದರೆ ನಾವು ಬಾಯಿಲ್ಲದ ಜನ ಎಂಬ ಸುಳ್ಳನ್ನು ಒಪ್ಪಬೇಕು. ಬಾಯಿಲ್ಲದವರ ಮಾತು ಉಳಿದರೂ ಯಾರಿಗೆ ಬೇಕು?

ನಾನು ಅವರನ್ನು ಕೇಳಲಿಲ್ಲ. ಟಿಕಳಿ ಕಿತ್ತು ಅದಲುಬದಲು ಮಾಡಿದೆ, ತಂತ್ರಾಂಶದಲ್ಲೂ ಬಟನ್ ಬದಲಿಸಿದೆ. ಈಗ ತಪ್ಪು ಬಲಕ್ಕೆ, ಸರಿ ಎಡಕ್ಕೆ. ಅದೇ ಓಣಿ, ಅದೇ ಪಸ್ತಾಪುರ, ಅದೇ ಮನೂರು. ಉತ್ತರಗಳನ್ನು ಕಳಿಸಿಕೊಟ್ಟು ಕಾದು ಕೂತೆ.

ಸಾಹೇಬರ ಫೋನ್ ಬಂತು. ಧ್ವನಿಯಲ್ಲಿ ಗಾಬರಿ. "ಏನಾಯಿತಮ್ಮ ನಿಮ್ಮ ಜನಕ್ಕೆ? ಅಷ್ಟು ಸಂಭಾವಿತರಾಗಿದ್ದವರು ಈಗ ಸರಿ ಅನ್ನಲು ಸಾಯುತ್ತಿದ್ದಾರೆ, ತಪ್ಪು ಅನ್ನಲು ಮುಂದೆ ಬಿದ್ದಿದ್ದಾರೆ. ಊರಲ್ಲಿ ಎಲೆಕ್ಷನ್ ಏನಾದರೂ ಬಂತಾ?"

ಸಾಹೇಬರು ಊಟಕ್ಕೆ ಬಂದದ್ದು

ಬಟನ್ ಅದಲುಬದಲು ಮಾಡಿದ್ದನ್ನು ಹೇಳಿದೆ. ಮುಂದಿನ ಭಾನುವಾರ ಕಣ್ಣಾರೆ ನೋಡುತ್ತೇನೆಂದು ಸಾಹೇಬರು ಜಹೀರಾಬಾದಿಗೆ ಬಂದರು. ಅತ್ತೆ ಅವರೆದುರು ಕೂತು, ಬಲಗೈಯನ್ನು ಕೀಬೋರ್ಡಿನ ಆ ತುದಿಯಿಂದ ಈ ತುದಿಗೆ ಓಡಿಸಿ ತೋರಿಸಿದರು. ಕುರುಡನಿಗೂ ಕಾಣುವಂಥ ವಿಷಯ. ಸಾಹೇಬರು ಕನ್ನಡಕ ಒರೆಸಿಕೊಂಡು, "ಕೈ ದಾಟಿಸುವುದು ಕೂಡ ಒಂದು ಬಗೆಯ ಸಂಕೋಚವೇ ಅಲ್ಲವೇ?" ಎಂದರು. ಇಷ್ಟು ಓದಿದವರನ್ನು ಸೋಲಿಸುವುದು ಸುಲಭವಲ್ಲ.

ಊಟಕ್ಕೆ ಕೂತರು. ಜೋಳದ ರೊಟ್ಟಿ, ಪುಂಡಿ ಪಲ್ಯ, ಶೇಂಗಾ ಹಿಂಡಿ, ಅಂದರೆ ಚಟ್ನಿಪುಡಿ. ಸಾಹೇಬರು ಮಿತಾಹಾರಿ. ಒಂದು ರೊಟ್ಟಿ ಮುಗಿಸಿ "ಸಾಕು ತಾಯಿ" ಎಂದರು. ಇನ್ನೊಂದು ಬಿತ್ತು. "ಅಯ್ಯೋ, ನಿಜವಾಗಿ ಸಾಕು," ಎನ್ನುತ್ತ ಅದನ್ನೂ ತಿಂದರು. ಮತ್ತೊಂದು ಬಿತ್ತು. ಈ ಸಲ ಬಾಯಿ ತೆರೆದರು, ಅತ್ತೆಯ ಮುಖ ನೋಡಿದರು, ತೆರೆದ ಬಾಯಿಗೆ ರೊಟ್ಟಿಯನ್ನೇ ಇಟ್ಟುಕೊಂಡರು.

ನಾನು ಅಡಿಗೆಮನೆಯ ಬಾಗಿಲಲ್ಲಿ ನಿಂತಿದ್ದೆ. "ಸರ್, ನಮ್ಮ ಭಾಗದ ವಿಷಯ ಏನು ಮಾಡಿದಿರಿ?" ಎಂದು ಕೇಳಿಯೇಬಿಟ್ಟೆ.

"ಅದೇ ಯೋಚಿಸುತ್ತಿದ್ದೇನೆ. ತಾಯಿಯವರನ್ನೇ ಕೇಳೋಣ," ಎಂದು ಸಾಹೇಬರು ಅತ್ತೆಯ ಕಡೆ ತಿರುಗಿದರು. ದೊಡ್ಡ ಸಮ್ಮೇಳನದ ಧ್ವನಿ ಬಂತು. "ತಾಯಿ, ನಿಮ್ಮ ಕಡೆಯವರು ಬಹಳ ಸಂಭಾವಿತರು, ಯಾರಿಗೂ ಇಲ್ಲ ಎನ್ನಲು ಹಿಂಜರಿಯುತ್ತಾರೆ ಎಂದು ನಾನು ಬರೆದಿದ್ದೇನೆ. ಅದು ಹಾಗೇ ಇರಲಿ ಅಂತ ನೀವು..."

"ಬ್ಯಾಡ," ಎಂದರು ಅತ್ತೆ.

ಸಾಹೇಬರ ಕೈಯ ತುತ್ತು ಕೈಯಲ್ಲೇ ಉಳಿಯಿತು. "ಅಲ್ಲ ತಾಯಿ, ನನ್ನ ಮಾತು ಮುಗಿ..."

"ಬ್ಯಾಡ ಅಂದೆಲ್ರಿ ಸಾಹೇಬ್ರ. ನಮ್ಮ ಸೊಸಿ ಸುಳ್ಳು ಬರೆಯಾಕ ಓದ್ಲತ್ತಿಲ್ಲ. ಖರೇ ಇದ್ದದ್ದು ಬರೀರಿ, ಇಲ್ಲಾಂದ್ರ ಬಿಡ್ರಿ. ನೀವು ಬರೀಲಿಲ್ಲಂದ್ರ ನಾವೇನ್ ಮಾತಾಡೋದು ಬಿಡ್ತೀವೇನು?" ಇಷ್ಟು ಹೇಳಿ, ಅದೇ ಉಸಿರಿನಲ್ಲಿ ಮತ್ತೊಂದು ರೊಟ್ಟಿ ಹಾಕಿದರು.

ಸಾಹೇಬರು ಆ ರೊಟ್ಟಿಯನ್ನು ನೋಡಿದರು. ಅತ್ತೆಯನ್ನು ನೋಡಿದರು. ಇಲ್ಲವೆನ್ನಲಾಗದ ಜನ ಆ ಮನೆಯಲ್ಲಿ ಸದ್ಯಕ್ಕೆ ತಾನೊಬ್ಬನೇ ಎಂಬುದು ಅವರಿಗೆ ಅರ್ಥವಾಗಿರಬೇಕು. ನಿಧಾನವಾಗಿ ರೊಟ್ಟಿ ಮುರಿಯುತ್ತ ನನಗೆ ಹೇಳಿದರು: "ಎರಡು ಬಟನ್ನನ್ನೂ ಬಲಗೈ ಅಡಿಯಲ್ಲೇ ಇಟ್ಟು ಹೊಸದಾಗಿ ಮಾಡಮ್ಮ. ಕೈ ಕಥೆಯನ್ನೂ ಬರಿ. ನಿಮ್ಮ ಕನ್ನಡ ಇರಲಿ."

ನನಗೆ ಕಣ್ಣಲ್ಲಿ ನೀರು ಬಂತು. ಹಿಂಡಿಯ ಖಾರ ಎಂದು ಹೇಳಿಕೊಂಡೆ.

ಅತ್ತೆಯ ಆ "ಬ್ಯಾಡ" ಇಡೀ ಪ್ರಯೋಗದಲ್ಲಿ ಸಿಕ್ಕ ಅತ್ಯಂತ ವೇಗದ ಉತ್ತರ. ಅದನ್ನು ಮಾಹಿತಿಯಲ್ಲಿ ಸೇರಿಸೋಣವೇ ಎಂದು ಹೊರಡುವಾಗ ಸಾಹೇಬರನ್ನು ಕೇಳಿದೆ. ಅವರು ತುಂಬಿದ ಹೊಟ್ಟೆ ಹಿಡಿದುಕೊಂಡು, ನಿಟ್ಟುಸಿರು ಬಿಟ್ಟು, ಸೇರಿಸಲು ಬರುವುದಿಲ್ಲ ಎಂದರು. ಪ್ರಶ್ನೆ ಮುಗಿಯುವ ಮೊದಲೇ ಉತ್ತರ ಬಂದರೆ, ಅದನ್ನು ಕೊಟ್ಟದ್ದು ಮನುಷ್ಯರೇ ಅಲ್ಲ ಎಂದು ತಂತ್ರಾಂಶ ತೆಗೆದುಹಾಕುತ್ತದಂತೆ.